ಮೈತ್ರೇಯಿ ಗೀಸರ್ ಬಿಚ್ಚಿದ ನೀರು ತುಂಬುವ ಹಬ್ಬ

ಗಾಂಧಿ ಬಜಾರಿನ ಹಿಂದಿನ ರಸ್ತೆಯ ಆ ಮನೆಯಲ್ಲಿ ತಾಮ್ರದ ಹಂಡೆ ಹೋಗಿ ಗೀಸರ್ ಬಂದದ್ದು ಸೊಸೆ ಮೈತ್ರೇಯಿಯ ಹಟದಿಂದ. ಅತ್ತೆ ತುಳಸಮ್ಮನವರಿಗೆ ಅದು ಒಗ್ಗಿರಲೇ ಇಲ್ಲ. ತೊಂಬತ್ತೆಂಟರ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬದ ಬೆಳಿಗ್ಗೆ, ಅವರು ಬಚ್ಚಲ ಬಾಗಿಲಲ್ಲಿ ನಿಂತು ಗೊಣಗಿದರು.

"ಹಂಡೆ ಇದ್ದಿದ್ರೆ ಇಷ್ಟೊತ್ತಿಗೆ ಹುಣಸೇಹಣ್ಣು ಹಾಕಿ ಫಳಫಳ ಉಜ್ಜಿರ್ತಿದ್ದೆ. ಈ ಡಬ್ಬ ಬಂದು ಎಷ್ಟು ವರ್ಷ ಆಯ್ತು, ಒಂದಿನಾನಾದ್ರೂ ಇದರ ಹೊಟ್ಟೆ ತೊಳೆದಿದೀವೇನೆ?"

ಮಾತು ಮೈತ್ರೇಯಿಗೆ ಚುರುಕ್ಕೆಂದು ತಾಗಿತು. ಕೆಲವು ದಿನಗಳಿಂದ ಗೀಸರಿನೊಳಗೆ ಒಗ್ಗರಣೆ ಹಾಕಿದಂತೆ ಚಟಪಟ ಸದ್ದು. ಬೋರ್‌ವೆಲ್ಲಿನ ಗಡಸು ನೀರು ಕಾಯುವಷ್ಟರಲ್ಲಿ ಆಫೀಸಿಗೆ ತಡವಾಗುತ್ತಿತ್ತು. ಗಂಡ ಶ್ರೀಹರಿಯದು ಒಂದೇ ರಾಗ: "ಹಬ್ಬ ಮುಗೀಲಿ, ಮೆಕ್ಯಾನಿಕ್ ಕರೆಸೋಣ."

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ಮೈತ್ರೇಯಿಗೆ ತಂತಿ, ಟೆಸ್ಟರ್, ಸ್ಪ್ಯಾನರ್ ಹೊಸದಲ್ಲ.

"ಇವತ್ತೇ ತೊಳೆಯೋಣ ಅತ್ತೆ!"

ಸೆರಗು ಸಿಕ್ಕಿಸಿದಳು. ಮೆಯಿನ್ ಆಫ್ ಮಾಡಿ, ಫ್ಯೂಸ್ ಕಿತ್ತು ಅತ್ತೆಯ ಕೈಗೇ ಕೊಟ್ಟಳು. "ನಾನು ಕೇಳೋವರೆಗೂ ಯಾರಿಗೂ ಕೊಡ್ಬೇಡಿ." ಟೆಸ್ಟರ್ ಹಿಡಿದು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಒಳಬರುವ ನೀರನ್ನು ನಿಲ್ಲಿಸಿ, ರಾತ್ರಿಯಿಂದ ಆರಿದ್ದ ಗೀಸರಿನ ನೀರು ಬಸಿದು, ಕೆಳಗಿನ ಬೋಲ್ಟು ಬಿಚ್ಚಿದ್ದೇ ತಡ, ಸುಣ್ಣದ ಚಕ್ಕೆಗಳು ದಡಬಡನೆ ಬಕೆಟ್ಟಿಗೆ ಸುರಿದವು.

"ಅಯ್ಯೋ ರಾಮ! ಇದರ ನೀರಲ್ಲೇ ನಾವೆಲ್ಲಾ ಮಿಂದಿದ್ದು?" ತುಳಸಮ್ಮ ಬಗ್ಗಿ ನೋಡಿದರು. ಮೈತ್ರೇಯಿ ಹೊರಗೆಳೆದ, ನೀರು ಕಾಯಿಸುವ ಕಾಯಿಲ್ಲಿನ ಕೆಂಪು ಸುಣ್ಣದ ಬಿಳಿಯ ಕವಚದಡಿಯಿಂದ ಇಣುಕಿತು. "ತಾಮ್ರ ಅಲ್ವೇನೆ ಇದು? ಕೊಡು ಇಲ್ಲಿ!"

ಹುಣಸೇಹಣ್ಣು, ಉಪ್ಪು, ಬಿಸಿನೀರು ಬಂದೇಬಿಟ್ಟವು. ತಂತಿ ಸೇರುವ ತುದಿ ಮಾತ್ರ ನೆನೆಯದಂತೆ ಮೈತ್ರೇಯಿ ಎತ್ತಿ ಇರಿಸಿದಳು. ಆಮೇಲೆ ಸೇಫ್ಟಿ ವಾಲ್ವಿನ ಪುಟ್ಟ ಹಿಡಿ ಎತ್ತಿ ನೋಡಿದಳು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಇದು ಕುಕ್ಕರಿನ ವೆಯ್ಟ್ ಇದ್ದಂಗೆ ಅತ್ತೆ. ಕಾವು ಹಿಡಿತದಲ್ಲಿಡೋ ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದೀತಾನೇ ಹೋದ್ರೆ, ಒತ್ತಡ ಹೊರಗೆ ಹೋಗೋ ದಾರಿ ಇದು. ಅದೇ ಕಟ್ಕೊಂಡಿದೆ."

ಕುಕ್ಕರ್ ಸಿಡಿದು ಹೆಂಚು ಹಾರಿದ್ದನ್ನು ತುಳಸಮ್ಮ ಕಣ್ಣಾರೆ ಕಂಡವರು. "ಮೊದಲು ಹೊಸದು ತಗೊಂಡ್ಬಾ. ಒಬ್ಬಟ್ಟು ಆಮೇಲೆ!"

ಹೂವು ತಂದು ಒಳಗೆ ಕಾಲಿಟ್ಟ ಶ್ರೀಹರಿ ಹಾಗೇ ಹೆಂಡತಿಯೊಡನೆ ಸ್ಕೂಟರಿಗೆ ತಿರುಗಬೇಕಾಯಿತು. ನಗರ್ತಪೇಟೆಯ ಹಬ್ಬದ ಜಂಗುಳಿಯಲ್ಲಿ ನುಗ್ಗಿ ಅಂಗಡಿ ಹಿಡಿದರು. "ಮೆಕ್ಯಾನಿಕ್‌ನ ಕಳಿಸಿ ಮೇಡಂ, ಸೈಜ್ ತಪ್ಪೋಗುತ್ತೆ" ಎಂದ ಅಂಗಡಿಯವನ ಮುಂದೆ ಮೈತ್ರೇಯಿ ಬಿಚ್ಚಿ ತಂದಿದ್ದ ಹಳೆಯ ವಾಲ್ವನ್ನು ಟಣ್ಣನೆ ಇಟ್ಟಳು. "ಇದೇ ಸೈಜು. ನೀರು ಸೋರದ ಹಾಗೆ ಗ್ಯಾಸ್ಕೆಟ್ಟೂ ಒಂದು ಕೊಡಿ."

ಮನೆಗೆ ಬಂದರೆ ಕಾಯಿಲ್ ಮದುಮಗಳಂತೆ ಹೊಳೆಯುತ್ತಿತ್ತು. ತುಳಸಮ್ಮನ ಮುಖ ಅದಕ್ಕಿಂತ ಹೆಚ್ಚು. ಜೋಡಿಸುವಾಗ ಪ್ಲಗ್ಗಿನಲ್ಲಿ ಅರ್ತ್ ತಂತಿ ಜೋಲಾಡುತ್ತಿರುವುದು ಕಣ್ಣಿಗೆ ಬಿತ್ತು. ಇಷ್ಟು ದಿನ ಶಾಕ್ ಹೊಡೆಯದಿದ್ದುದೇ ಪುಣ್ಯ! ಸ್ಕ್ರೂ ಬಿಗಿದು ಎಳೆದೆಳೆದು ನೋಡಿದಳು.

ಶ್ರೀಹರಿ ಉತ್ಸಾಹದಲ್ಲಿ ಅಮ್ಮನ ಕೈಯ ಫ್ಯೂಸಿಗೆ ಕೈಯೊಡ್ಡಿದ.

"ರೀ, ತಡೀರಿ! ನೀರು ತುಂಬದೆ ಸ್ವಿಚ್ ಹಾಕಿದ್ರೆ ಕಾಯಿಲ್ ಸುಟ್ಟೋಗುತ್ತೆ."

ಒಳಬರುವ ನೀರು ಬಿಟ್ಟು, ಬಿಸಿನೀರಿನ ನಲ್ಲಿ ತೆರೆದು ಮೂವರೂ ಅದನ್ನೇ ನೋಡುತ್ತ ನಿಂತರು. ನಲ್ಲಿ ಬುಸ್ಸೆಂದಿತು, ಕೆಮ್ಮಿತು, ಉಗುಳಿತು. ಆಮೇಲೆ ಒಂದೇ ಸಮನೆ ಧಾರೆ!

"ತುಂಬ್ತು!" ಎಂದು ಕೂಗಿದವರು ತುಳಸಮ್ಮ. ಅರಿಸಿನ ಕುಂಕುಮ ತಂದು, ತುದಿಗಾಲಲ್ಲಿ ನಿಂತು, ಮೊದಲ ಬಾರಿಗೆ ಗೀಸರಿಗೆ ಹಚ್ಚಿದರು. ಆಮೇಲೇ ಫ್ಯೂಸ್ ಕೊಟ್ಟದ್ದು. ಕೆಂಪು ದೀಪ ಹತ್ತಿತು. ನೀರು ಸದ್ದಿಲ್ಲದೆ ಕಾಯಿತು.

ಸುದ್ದಿ ಕಾಂಪೌಂಡ್ ದಾಟಲು ಎಷ್ಟು ಹೊತ್ತು? "ನಮ್ಮ ಸೊಸೆ ಬಿಚ್ಚಿ ತೊಳೆದ್ಲು ಕಣ್ರೀ!" ಎಂದು ತುಳಸಮ್ಮ ಸಾರಿದರೋ ಇಲ್ಲವೋ, ಪಕ್ಕದ ಮನೆ ಗಿರಿಜಾಂಬಾ ಗೋಡೆಯ ಮೇಲಿಂದ ತಲೆಯೆತ್ತಿದರು. "ನಮ್ಮದೂ ಚಟಪಟ ಅಂತಿದೆ ಮೈತ್ರೇಯಿ, ಸ್ವಲ್ಪ ಬರ್ತೀಯೇನಮ್ಮ?"

ಮೈತ್ರೇಯಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಮೆಯಿನ್ ಆಫ್ ಮಾಡಿ ಆರೋಕೆ ಬಿಡಿ, ಬಂದೆ!"