ಗಿಣ್ಣಿನ ಡಬ್ಬಿ ಹಿಡಿದು ಬೆಂಗಳೂರಿಗೆ

ಸುಗಟೂರಿಗೆ ಬೆಳಗಿನ ಮೊದಲ ಬಸ್ಸು ಆರೂಕಾಲಕ್ಕೆ ಬರಬೇಕು. ಅವತ್ತು ಬಂದದ್ದು ಆರೂಮುಕ್ಕಾಲಿಗೆ. ಡಿಸೆಂಬರ್ ಚಳಿ, ಎದುರಿಗಿನ ಹಿಪ್ಪುನೇರಳೆ ತೋಟವೇ ಕಾಣದಷ್ಟು ಮಂಜು. ನಾನು ಶಾಲು ಹೊದ್ದು, ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ನಮ್ಮ ಅತ್ತೆಯ ಕಾಲದ ಹಿತ್ತಾಳೆ ಡಬ್ಬಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಡಬ್ಬಿಯಲ್ಲಿ ಗಿಣ್ಣು ಇತ್ತು. ನಮ್ಮ ಹಸು ಕೆಂಪಿ ಕರು ಹಾಕಿ ಮೂರು ದಿನವಾಗಿತ್ತು. ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ತುಂಬಿದ್ದೆ.

ಹೊರಟಿದ್ದು ಬೆಂಗಳೂರಿಗೆ, ತಿನ್ನುವುದಕ್ಕೆ! ಐವತ್ತೆರಡು ವರ್ಷದಲ್ಲಿ ಬೆಂಗಳೂರಿಗೆ ಆಸ್ಪತ್ರೆಗೆ ಹೋಗಿದ್ದೇನೆ, ಮದುವೆಗೆ ಹೋಗಿದ್ದೇನೆ, ಮೀಟಿಂಗಿಗೆ ಹೋಗಿದ್ದೇನೆ. ತಿನ್ನುವುದಕ್ಕೆಂದೇ ಹೋದದ್ದು ಇದೇ ಮೊದಲು. ಕರೆದವಳು ನನ್ನ ವಾರಗಿತ್ತಿ ಶೈಲಜಾ, ಅಂದರೆ ನನ್ನ ಮೈದುನನ ಹೆಂಡತಿ. "ಅಕ್ಕಾ, ಒಂದಿನ ಬನ್ನಿ. ಇಲ್ಲಿ ಎಲ್ಲೆಲ್ಲಿ ಏನೇನ್ ಚೆನ್ನಾಗಿದೆಯೋ ಎಲ್ಲಾ ತಿನ್ನಿಸ್ತೀನಿ" ಎಂದು ಫೋನು ಮಾಡಿದ್ದಳು. ಎರಡು ವರ್ಷದ ನಂತರ ಅವಳ ದನಿ ಕೇಳಿ ನಾನು "ಹೂಂ, ನೋಡೋಣ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದೆ. ಯಜಮಾನರೇ ಹಿಂದೆ ಬಿದ್ದರು. "ಹೋಗಿ ಬಾರೇ. ಎರಡು ಸಂಕ್ರಾಂತಿ ಆಯ್ತು, ನನ್ನ ತಮ್ಮ ದನಕ್ಕೆ ಕಿಚ್ಚು ಹಾಯ್ಸೋಕೆ ಬಂದಿಲ್ಲ. ಈ ಸಲಾನಾದ್ರೂ ಬರ್ಲಿ" ಎಂದರು. ಅದಕ್ಕೇ ಒಪ್ಪಿಕೊಂಡೆ.

ಮನಸ್ತಾಪ ಏನೆಂದು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಗಂಗೆ ಕರು ಹಾಕಿದಾಗ ಇದೇ ಡಬ್ಬಿಯಲ್ಲಿ ಮೈದುನನ ಕೈಲಿ ಗಿಣ್ಣು ಕಳಿಸಿದ್ದೆ. ಗಿಣ್ಣು ಕೊಟ್ಟ ಪಾತ್ರೆಯನ್ನು ನಮ್ಮ ಕಡೆ ತೊಳೆದು ಕೊಡುವುದಿಲ್ಲ, ಖಾಲಿಯೂ ಕೊಡುವುದಿಲ್ಲ. ಹಾಗೇ ಅಂಟಿದ್ದಂತೆ, ಒಳಗೆ ಒಂದು ಚೂರು ಬೆಲ್ಲ ಹಾಕಿ ಹಿಂದಿರುಗಿಸಬೇಕು. ತೊಳೆದರೆ ಹಾಲನ್ನೇ ತೊಳೆದುಬಿಟ್ಟ ಹಾಗೆ ಎಂದು ಅತ್ತೆ ಹೇಳುತ್ತಿದ್ದರು. ಶೈಲಜಾ ಕಳಿಸಿದ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಸಾಸಿವೆ ಕಾಳೂ ಇರಲಿಲ್ಲ. ಅದಾದ ಎಂಟನೇ ದಿನಕ್ಕೆ ಗಂಗೆಗೆ ಕೆಚ್ಚಲು ಬಾವು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಫೋನು ಮಾಡಿದರೆ 'ಹೂಂ', 'ಹಾಂ' ಬಿಟ್ಟು ಮೂರನೇ ಮಾತಿಲ್ಲ. ಬರಬರುತ್ತಾ ಅವಳೂ ಫೋನು ಬಿಟ್ಟಳು, ಹಬ್ಬಕ್ಕೆ ಬರುವುದೂ ನಿಂತಿತು.

ತಮಾಷೆಯೆಂದರೆ ನಾನು ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ನೀರು ಬೆರೆಸಿದ್ದಾರೆಯೇ ಎಂದು ದಿನಕ್ಕೆ ಎರಡು ಹೊತ್ತು ಹಾಲಿನ ಡಿಗ್ರಿ ನೋಡುವವಳು. ಕೆಚ್ಚಲು ಬಾವು ಬರುವುದು ಕೊಟ್ಟಿಗೆಯ ಗಲೀಜಿನಿಂದ ಎಂದು ಊರಿಗೆಲ್ಲ ಪಾಠ ಮಾಡುವವಳೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಕೋಲಾರದಲ್ಲಿ ಇಳಿದು ಒಂದು ಟೀ ಕುಡಿದು ಬೆಂಗಳೂರು ಬಸ್ಸು ಹತ್ತಿದೆ. ಮುಳಬಾಗಿಲಿನಿಂದ ಬಂದ ಕೆಂಪು ಬಸ್ಸು. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹಾಗಾಗಿ ಬಸ್ಸಿನ ತುಂಬ ನಾವೇ. ಪಕ್ಕದಲ್ಲಿ ಮುಳಬಾಗಿಲಿನ ಅಜ್ಜಿಯೊಬ್ಬರು ಮೊಮ್ಮಗಳ ಮನೆಗೆ ಹೊರಟಿದ್ದರು. ನರಸಾಪುರ ದಾಟುವಷ್ಟರಲ್ಲಿ ಅವರ ಮೂಗು ನನ್ನ ಬ್ಯಾಗಿನತ್ತ ತಿರುಗಿತು.

"ಜುನ್ನು ಕದಮ್ಮಾ ಅದಿ?" ಎಂದರು. ತೆಲುಗಿನಲ್ಲಿ ಗಿಣ್ಣಿಗೆ ಜುನ್ನು ಎನ್ನುತ್ತಾರೆ. ಹೌದೆಂದೆ.

"ಅಬ್ಬೋ, ವಾಸ್ನೆ ನೋಡು! ಯಾರಿಗಮ್ಮಾ?"

"ವಾರಗಿತ್ತಿಗೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದೋಳು."

"ಡಬ್ಬಿ ತೊಳೀಬಾರ್ದು ಅಂತ ಹೇಳಿದೀಯಾ ಆಯಮ್ಮಂಗೆ?"

ನನಗೆ ಚುರ್ರೆಂದಿತು. "ಅದನ್ನೂ ಹೇಳ್ಬೇಕಾ ಅಜ್ಜಿ? ಯಾರಿಗ್ ಗೊತ್ತಿಲ್ಲ ಅದು?"

"ಪಾಕೀಟ್ ಹಾಲು ಕುಡ್ದು ಬೆಳೆದೋರಿಗೆ ಹೆಂಗಮ್ಮಾ ಗೊತ್ತಾಗ್ತದೆ?" ಎಂದು ಅಜ್ಜಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಹೊಸಕೋಟೆ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತೆ. ಅಜ್ಜಿಗೆ ಒಂದು ತುಂಡು ಗಿಣ್ಣು ಕೊಡಬೇಕೆಂದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು.

ಕೆ.ಆರ್.ಪುರದಲ್ಲಿ ಇಳಿದು ಮೆಟ್ರೋ ಹಿಡಿದೆ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದಾಗ ಹತ್ತೂವರೆ. ಶೈಲಜಾ ಮೆಟ್ಟಿಲ ಬಳಿ ಕಾದಿದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡಳು. ಬಸವನಗುಡಿಯ ಅವಳ ಮನೆಗೆ ನಡೆದು ಹೋದೆವು, ಮೈದುನ ಕೆಲಸಕ್ಕೆ ಹೋಗಿದ್ದ. ಡಬ್ಬಿ ನೋಡಿದ ಕೂಡಲೇ ಅವಳ ಮುಖ ಸಣ್ಣಗಾಯಿತು. "ಕರು ಹೆಣ್ಣಾ ಗಂಡಾ ಅಕ್ಕಾ?" ಎಂದು ಕೇಳಿ, "ಹೆಣ್ಣು" ಎಂದದ್ದಕ್ಕೆ "ಒಳ್ಳೇದಾಯ್ತು" ಎಂದು ಅದನ್ನು ಫ್ರಿಜ್ಜಿನಲ್ಲಿಟ್ಟಳು.

ಮೊದಲು ಗಾಂಧಿ ಬಜಾರಿನಲ್ಲಿ ದೋಸೆ. ಅಲ್ಲಿ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ಮುಕ್ಕಾಲು ಗಂಟೆ ನಿಲ್ಲಬೇಕು. ದುಡ್ಡು ಕೊಟ್ಟು ತಿನ್ನುವುದಕ್ಕೆ ರೇಷನ್ ಅಂಗಡಿಯ ಹಾಗೆ ಸಾಲೇ ಎಂದು ಗೊಣಗಿದೆ. ಆದರೆ ದೋಸೆ ಬಂದ ಮೇಲೆ ಬಾಯಿ ಮುಚ್ಚಿಕೊಂಡೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ ಉಂಡೆ. ಬೆಣ್ಣೆ ಚೂರು ಬೆರಳಿಗೆ ಹಚ್ಚಿ ಮೂಸಿ ನೋಡಿದೆ, ನಿಜವಾದ ಬೆಣ್ಣೆಯೇ. "ಪಾಸ್" ಎಂದೆ. ಶೈಲಜಾ ಮೊದಲ ಸಲ ನಕ್ಕಳು. ಚಟ್ನಿ ಮಾತ್ರ ನೀರು, ನಮ್ಮ ಕೋಲಾರದ ಬಸ್ ಸ್ಟ್ಯಾಂಡಿನ ಚಟ್ನಿಗೆ ಸಮ ಬರುವುದಿಲ್ಲ. ಕಾಫಿ ಸೊಗಸಾಗಿತ್ತು, ಇನ್ನೊಂದು ಕುಡಿಯೋಣವೆಂದು ನಾನೇ ಕೇಳಿದೆ.

ಮಧ್ಯಾಹ್ನ ಗಾಂಧಿ ಬಜಾರಿನ ಹೂವಿನ ಅಂಗಡಿ, ಹಣ್ಣಿನಂಗಡಿ ಸುತ್ತಿ, ಆಟೋ ಹಿಡಿದು ಜಯನಗರಕ್ಕೆ ಹೋದೆವು. "ಈಗ ಡೆಸರ್ಟ್ ಅಕ್ಕಾ" ಎಂದಳು. ಊಟ ಬಡಿಸದೆ, ಬರೀ ಕೊನೆಯ ಸಿಹಿಯನ್ನಷ್ಟೇ ಮಾರುವುದಕ್ಕೆ ಇಷ್ಟು ದೊಡ್ಡ ಅಂಗಡಿಯೇ! ಗಾಜಿನ ಗೋಡೆ, ಗುಲಾಬಿ ಬಣ್ಣದ ಕುರ್ಚಿ, ಒಳಗೆ ಎ.ಸಿ. ಚಳಿ. ನಾನು ಮತ್ತೆ ಶಾಲು ಹೊದ್ದೆ. ಮೂರು ಬಗೆಯ ಹಾಲಿನಲ್ಲಿ ನೆನೆಸಿದ ಕೇಕು ಬಂತು. ಒಂದು ಚಮಚ ತಿಂದು, "ಇದರಲ್ಲಿ ಎರಡು ಬಗೆ ಪೌಡರ್ ಹಾಲು ಕಣೇ, ನಮ್ಮ ಡೈರಿಗೆ ತಂದಿದ್ರೆ ಕ್ಯಾನ್ ಸಮೇತ ವಾಪಸ್ ಕಳಿಸ್ತಿದ್ದೆ" ಎಂದೆ. ಹೀಗೆ ಬೈಯುತ್ತಲೇ ಮುಕ್ಕಾಲು ಪಾಲು ನಾನೇ ತಿಂದೆ. ನಾಲಿಗೆ ಒಂದು ಹೇಳಿದರೆ ಹೊಟ್ಟೆ ಒಂದು ಹೇಳುತ್ತದೆ.

ಆಮೇಲೆ ಗಾಜಿನ ಪುಟ್ಟ ಬಾಟಲಿಯಲ್ಲಿ ಹಾಲಿನ ಪುಡಿಂಗ್ ಬಂತು. ಬೆಳ್ಳಗೆ, ನಡುಗುತ್ತಾ, ಚಮಚ ಇಟ್ಟರೆ ಜಾರುವಂಥದ್ದು. ಬಾಯಿಗಿಟ್ಟೆ. ಗಿಣ್ಣಿನ ದೂರದ ನೆಂಟ! ಇನ್ನೂರ ನಲವತ್ತು ರೂಪಾಯಿ ಎಂದು ತಿಳಿದು ಎದೆ ಧಸಕ್ಕೆಂದರೂ, ರುಚಿಯಲ್ಲಿ ಸುಳ್ಳಿರಲಿಲ್ಲ. ಬಾಟಲಿಯ ತಳವನ್ನೂ ಕೆರೆದು ತಿಂದೆ.

ಎದ್ದು ಹೊರಡುವ ಮುಂಚೆ ಕೈ ಅದರಷ್ಟಕ್ಕೆ ಅದು ಮಾಡಿಬಿಟ್ಟಿತು. ಹಾಲಿನ ಪಾತ್ರೆ, ಖಾಲಿ ಬಿಡಬಾರದಲ್ಲ. ಟೇಬಲ್ ಮೇಲೆ ಕಾಫಿಗೆಂದು ಸಕ್ಕರೆಯ ಸಣ್ಣ ಪೊಟ್ಟಣಗಳಿದ್ದವು. ಒಂದನ್ನು ಹರಿದು ಬಾಟಲಿಯೊಳಗೆ ಸುರಿದೆ. ತಟ್ಟೆ ಎತ್ತಲು ಬಂದ ಹುಡುಗಿ ಬಾಟಲಿ ನೋಡಿ ಗಾಬರಿಯಾದಳು.

"ಸಾರಿ ಮೇಡಂ, ಸಿಹಿ ಕಮ್ಮಿ ಆಯ್ತಾ? ಇನ್ನೊಂದು ತಂದ್ಕೊಡ್ಲಾ?"

"ಇಲ್ಲಮ್ಮ, ಚೆನ್ನಾಗಿತ್ತು. ಖಾಲಿ ಕೊಡಬಾರ್ದು ಅಂತ ಹಾಕ್ದೆ ಅಷ್ಟೇ. ತೊಳೀಬೇಡ, ಹಂಗೇ ತಗೊಂಡೋಗು."

ಹುಡುಗಿ ಏನೂ ಅರ್ಥವಾಗದೆ ಹೋದಳು. ಶೈಲಜಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಯಾಕಕ್ಕಾ ಖಾಲಿ ಕೊಡಬಾರ್ದು?"

ಹೇಳಿದೆ. ಗಿಣ್ಣಿನ ಪಾತ್ರೆ, ಬೆಲ್ಲದ ಚೂರು, ತೊಳೆಯಬಾರದು ಎಂಬುದು, ಎಲ್ಲವನ್ನೂ ಡೈರಿಯಲ್ಲಿ ಹೊಸಬರಿಗೆ ಹೇಳುವ ಹಾಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು.

"ಅಕ್ಕಾ, ಅದಕ್ಕಾ ನೀವು ನನ್ ಹತ್ರ ಮಾತು ಬಿಟ್ಟಿದ್ದು?"

ನಾನು ತಲೆ ತಗ್ಗಿಸಿ ಹೂಂ ಎಂದೆ.

"ಆ ಡಬ್ಬಿ ಅತ್ತೇದು ಅಂತ ಇವ್ರು ಹೇಳಿದ್ರು. ಕರ್ರಗಿತ್ತು. ಹಾಗೇ ಕಳಿಸಿದ್ರೆ ಅಕ್ಕ ಏನಂದ್ಕೋತಾರೋ ಅಂತ ಹುಣಸೆಹಣ್ಣು ಹಾಕಿ ಅರ್ಧ ದಿನ ಉಜ್ಜಿದೀನಿ. ಬೆರಳೆಲ್ಲಾ ಸುಲ್ದೋಗಿತ್ತು. ನೀವು ಫೋನ್ ಮಾಡಿ 'ಎಷ್ಟ್ ಚೆನ್ನಾಗ್ ತೊಳ್ದಿದೀಯೇ' ಅಂತೀರಾ ಅಂತ ಕಾದೆ. ನೀವು ಮಾತೇ ಆಡ್ಲಿಲ್ಲ. ನನ್ನಿಂದ ಏನ್ ತಪ್ಪಾಯ್ತು ಅಂತ ಇವ್ರನ್ನ ಕೇಳ್ದೆ, ಇವ್ರಿಗೂ ಗೊತ್ತಿಲ್ಲ."

ನನಗೆ ನಾಚಿಕೆಯಾಯಿತು. ಸುತ್ತ ಕಾಲೇಜು ಹುಡುಗರು ಐಸ್‌ಕ್ರೀಮಿನ ಫೋಟೋ ತೆಗೆಯುತ್ತಾ ಕೂತಿದ್ದರು. ಅವರ ನಡುವೆ ನಾವಿಬ್ಬರು ಹೆಂಗಸರು ಮೂಗು ಒರೆಸಿಕೊಂಡೆವು. ಬಸ್ಸಿನ ಅಜ್ಜಿಯ ಮಾತು ನೆನಪಾಯಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

"ತಪ್ಪು ನಂದೇ ಕಣೇ. ನಿಂಗೆ ಹೇಳ್ಕೊಡೋರು ಯಾರಿದ್ರು? ಅತ್ತೆ ಹೋದ್ಮೇಲೆ ನಾನೇ ಹೇಳ್ಬೇಕಿತ್ತು" ಎಂದೆ. "ಗಂಗೆಗೆ ಬಾವು ಬಂದದ್ದು ಕೊಟ್ಟಿಗೆ ಗಲೀಜಿಂದ. ಅದೂ ನನ್ ಕೊಟ್ಟಿಗೇನೇ."

ಅವಳು ಅಳುವಿನ ನಡುವೆಯೇ ನಕ್ಕುಬಿಟ್ಟಳು. "ಹಂಗಾದ್ರೆ ಈಗ ಹೋಳಿಗೆ ತಿನ್ನಿಸ್ತೀನಿ, ಬನ್ನಿ."

ಐದು ಗಂಟೆಗೆ ವಿಶ್ವೇಶ್ವರಪುರದ ತಿಂಡಿ ಬೀದಿ. ಗಾಡಿಗಳು ಆಗಷ್ಟೇ ಒಲೆ ಹಚ್ಚಿದ್ದವು. ಅವರೆಕಾಳಿನ ಕಾಲ, ಬೀದಿಯ ತುಂಬ ಸೊಗಡಿನ ವಾಸನೆ. ನಮ್ಮ ಕಡೆಯ ಅವರೆಯೇ ಇಲ್ಲಿ ದೋಸೆಯಾಗಿ, ವಡೆಯಾಗಿ, ಕಡೆಗೆ ಜಿಲೇಬಿಯಾಗಿಯೂ ಕೂತಿರುವುದನ್ನು ನೋಡಿ ದಂಗಾದೆ. ಅವರೆ ಜಿಲೇಬಿಯನ್ನು ಮಾತ್ರ ಯಾರೂ ತಿನ್ನಬೇಡಿ, ನಾನು ತಿಂದು ಹೇಳುತ್ತಿದ್ದೇನೆ. ಬಿಸಿ ಕಾಯಿ ಹೋಳಿಗೆಗೆ ತುಪ್ಪ ಸುರಿದು ಎಲೆಯಲ್ಲಿ ಕೊಟ್ಟರು. ಒಂದೇ ಎಲೆಯಲ್ಲಿ ಇಬ್ಬರೂ ಕೈ ಹಾಕಿ ತಿಂದೆವು. "ಸಂಕ್ರಾಂತಿಗೆ ಎರಡು ದಿನ ಮುಂಚೇನೇ ಇಬ್ರೂ ಬರ್ತೀರಾ?" ಎಂದೆ. ಬಾಯಿ ತುಂಬ ಹೋಳಿಗೆ ಇದ್ದುದರಿಂದ ಅವಳು ಜೋರಾಗಿ ತಲೆಯಾಡಿಸಿದಳು.

ಮನೆಗೆ ಬಂದು ಬ್ಯಾಗು ಜೋಡಿಸಿದೆ. ಡಬ್ಬಿ ಖಾಲಿ ಮಾಡಿಕೊಡುತ್ತೇನೆಂದು ಶೈಲಜಾ ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಪಾತ್ರೆ ಉಜ್ಜುವ ಸದ್ದೂ ಕೇಳಿಸಿತು. ಅಯ್ಯೋ ದೇವರೇ, ತೊಳೆಯುತ್ತಿದ್ದಾಳೆ! ಅಷ್ಟು ಹೇಳಿದ ಮೇಲೂ! ಬಾಯಿ ತೆರೆಯಲು ಹೋದವಳು ನಾಲಿಗೆ ಕಚ್ಚಿಕೊಂಡೆ. ತೊಳೆದರೆ ತೊಳೆಯಲಿ, ಒಂದು ಡಬ್ಬಿಗಾಗಿ ಇನ್ನೆರಡು ವರ್ಷ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಅವಳು ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದಳು. ನಾನು ಬಿಚ್ಚಿ ನೋಡಲಿಲ್ಲ. ಆಟೋದಲ್ಲಿ ನನ್ನನ್ನು ಮೆಟ್ರೋವರೆಗೂ ಬಿಟ್ಟು, ನಾನು ಗೇಟು ದಾಟಿ ಮರೆಯಾಗುವವರೆಗೂ ಕೈ ಬೀಸಿದಳು.

ಕೆ.ಆರ್.ಪುರದಲ್ಲಿ ಬಸ್ಸಿಗೆ ನೂಕುನುಗ್ಗಲು. ಹೊಸಕೋಟೆಯವರೆಗೂ ನಿಂತೇ ಬಂದೆ. ಹೊಟ್ಟೆ ತುಂಬಿದ್ದರಿಂದ ಕಾಲು ನೋವು ಅಷ್ಟಾಗಿ ತಿಳಿಯಲಿಲ್ಲ. ಕೋಲಾರದಿಂದ ಸುಗಟೂರಿನ ಕೊನೆಯ ಬಸ್ಸು ಸಿಕ್ಕಿದ್ದು ನನ್ನ ಪುಣ್ಯ.

ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಬರ್ತಾರಂತಾ?" ಎಂಬುದೇ ಮೊದಲ ಪ್ರಶ್ನೆ. "ಬರ್ತಾರೆ, ಎರಡು ದಿನ ಮುಂಚೇನೇ" ಎಂದೆ. ಅವರು ಬ್ಯಾಗು ಇಳಿಸಿಕೊಂಡು, ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಏನೇ ಇದು, ಅಂಟಂಟಾಗಿದೆ! ತೊಳ್ದೇ ಇಲ್ವಲ್ಲ!"

ಕಸಿದುಕೊಂಡು ನೋಡಿದೆ. ಅಂಚಿನ ಸುತ್ತ ಗಿಣ್ಣು ಅಂಟಿಕೊಂಡಿತ್ತು, ಏಲಕ್ಕಿ ಸಿಪ್ಪೆಯೂ ಇತ್ತು. ತಳದಲ್ಲಿ ಎರಡು ಸಕ್ಕರೆ ಪೊಟ್ಟಣ. ಜಯನಗರದ ಆ ಅಂಗಡಿಯದೇ, ನನಗೆ ಕಾಣದ ಹಾಗೆ ಎತ್ತಿಟ್ಟುಕೊಂಡಿದ್ದಳು. ಅಡುಗೆಮನೆಯಲ್ಲಿ ಉಜ್ಜಿದ್ದು ಬೆಳಗಿನ ಲೋಟಗಳನ್ನೇ ಇರಬೇಕು.

"ಕೊಡಿಲ್ಲಿ, ನಾನ್ ತೊಳೀತೀನಿ" ಎಂದು ಯಜಮಾನರು ಕೈ ಚಾಚಿದರು.

"ಮುಟ್ಟಬೇಡಿ!" ಎಂದು ಕೂಗಿದೆ. ಹೊಳೆಯುವ ಡಬ್ಬಿ ನೋಡಿ ಎರಡು ವರ್ಷ ಉರಿದವಳು, ಆ ಕೊಳೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟೆ.