ಗ್ಯಾನಮ್ಮನ ಮಲಗೋ ಗಾಡಿ

ಗ್ಯಾನಮ್ಮ ತೀರಿಕೊಂಡ ಮೇಲೆ ಜನರ ಬಾಯಲ್ಲಿ ಆಕೆ ಒಮ್ಮೆಲೇ ಸಾಧ್ವಿಯಾಗಿಬಿಟ್ಟಿದ್ದಾಳೆ. ಭೂಮಿತೂಕದ ಹೆಂಗಸು, ಎಲ್ಲ ನುಂಗಿಕೊಂಡು ಬಾಳಿದಳು ಎನ್ನುತ್ತಾರೆ. ನನ್ನ ಮುಂದೆ ಯಾರಾದರೂ ಹೀಗೆಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆಕೆ ಏನನ್ನೂ ನುಂಗಿಕೊಳ್ಳಲಿಲ್ಲ. ಮೂರು ವರ್ಷ ಹಲ್ಲು ಕಚ್ಚಿ ಕೂತು, ಹೊತ್ತು ನೋಡಿ ತಿರುಗಿ ಕೊಟ್ಟಳು. ಹಾಗೆ ಕೊಟ್ಟದ್ದರಲ್ಲಿ ನನ್ನ ಕೈಯೂ ಇದೆ. ಅದಕ್ಕೆ ನನಗೆ ನಾಚಿಕೆಯೇನಿಲ್ಲ.

ನಾನು ಯಂಕೋಬ. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ನನ್ನದು. ಆಸಿಡ್ಡಿಗೆ ತೂತು ಬಿದ್ದ ಅಂಗಿ ಹಾಕಿಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಗ್ಯಾನಮ್ಮ ಗುರುಗುಂಟಾದವಳು. ಗಂಡ ಶೇಂದಿ ಕುಡಿದು ಕುಡಿದೇ ಸತ್ತ. ಆಮೇಲೆ ಆಕೆ ಮೂವತ್ತು ಹೆಂಗಸರ ಗುಂಪು ಕಟ್ಟಿಕೊಂಡು, ಪ್ರತಿ ವರ್ಷ ಕಾಲುವೆಗೆ ನೀರು ಬಿಟ್ಟ ಕೂಡಲೇ ಸಿಂಧನೂರು ಕಡೆಯ ಗೊರೇಬಾಳಕ್ಕೆ ನೆಲ್ಲು ಹಚ್ಚಲು, ಅಂದರೆ ಭತ್ತದ ನಾಟಿಗೆ, ಹೋಗುತ್ತಿದ್ದಳು. ನಮ್ಮ ಕಡೆಯದು ಮಳೆ ನಂಬಿದ ಭೂಮಿ, ಆ ಕಡೆಯದು ನೀರಿನ ಭೂಮಿ. ಅವರ ಗದ್ದೆಯ ಕೆಸರು ತುಳಿಯಲು ನಮ್ಮ ಕಡೆಯ ಕಾಲೇ ಬೇಕು.

ಈ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಗದ್ದೆಯವನು ಗುಂಪಿನ ಮುಂದಾಳಿಗೆ ಎಲೆ ಅಡಿಕೆ ಕಳಿಸಬೇಕು. ಆಕೆ ಅದನ್ನು ಹಿಡಿದಳೆಂದರೆ ಮುಗಿಯಿತು, ಆ ಗದ್ದೆ ಹಚ್ಚಿ ಮುಗಿಸುವ ತನಕ ಆ ಗುಂಪು ಇನ್ನೊಬ್ಬರ ಬದುವಿನ ಮೇಲೂ ಕಾಲಿಡುವುದಿಲ್ಲ. ಕಾಗದವಿಲ್ಲ, ಸಹಿಯಿಲ್ಲ. ಎಲೆ ಹಿಡಿದು ತಪ್ಪಿದವಳಿಗೆ ಮರುವರ್ಷ ಯಾರೂ ಎಲೆ ಕೊಡುವುದಿಲ್ಲ, ಅಷ್ಟೇ.

ಎಂಬತ್ತಾರರ ಆಗಸ್ಟಿನಲ್ಲಿ ಗ್ಯಾನಮ್ಮ ಗೊರೇಬಾಳದ ಸಾವಕಾರ ಅಮರಗುಂಡಪ್ಪನ ಎಲೆ ಹಿಡಿದಿದ್ದಳು. ನಲವತ್ತು ಎಕರೆಯ ಗದ್ದೆ. ಹೆಂಗಸರನ್ನು ಟ್ರಾಲಿಯಲ್ಲಿ ನಿಲ್ಲಿಸಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಅಮರಗುಂಡಪ್ಪನೇ. ಕಾಲುವೆ ಏರಿಯ ಮೇಲೆ ಎದುರಿಗೆ ಬಂದ ಗಾಡಿಗೆ ದಾರಿ ಬಿಡಲೊಲ್ಲದೆ ಜೋರಾಗಿ ಒಯ್ದ. ಟ್ರಾಲಿ ಎಗರಿತು, ಗ್ಯಾನಮ್ಮ ಬಿದ್ದಳು, ಗಾಲಿ ಸೊಂಟದ ಮೇಲೆ ಹೋಯಿತು.

ಪೊಲೀಸರು ಬಂದಾಗ ಅಮರಗುಂಡಪ್ಪ ಹೇಳಿದ್ದು ಇಷ್ಟು: "ಆಕಿ ನನ್ನ ಟ್ರಾಲಿ ಹತ್ತೇ ಇಲ್ರಿ. ಶೇಂದಿ ಕುಡದು ಏರಿ ಮ್ಯಾಲಿಂದ ಉಳ್ಳಿ ಬಿದ್ದಾಳ."

ಹೆಂಗಸರನ್ನು ಕೇಳಿದರು. ಟ್ರಾಲಿಯಲ್ಲಿ ಗ್ಯಾನಮ್ಮನ ಹೆಗಲು ಹಿಡಿದುಕೊಂಡೇ ನಿಂತಿದ್ದ ಮಾರೆಮ್ಮ ಮೊದಲು ತಲೆ ಬಗ್ಗಿಸಿದಳು. "ನಾವು ನೋಡಿಲ್ರಿ" ಎಂದಳು. ಉಳಿದವರೂ ಅದನ್ನೇ ಹೇಳಿದರು. ಇನ್ನೂ ಮೂವತ್ತು ಎಕರೆ ಹಚ್ಚುವುದಿತ್ತಲ್ಲ, ಎಲೆ ಹಿಡಿದಾಗಿತ್ತಲ್ಲ. ನೆಲದ ಮೇಲೆ ಬಿದ್ದುಕೊಂಡೇ ಗ್ಯಾನಮ್ಮ ಇದೆಲ್ಲ ಕೇಳಿಸಿಕೊಂಡಳು.

ಸೊಂಟದ ಕೆಳಗಿನದೆಲ್ಲ ಸತ್ತುಹೋಯಿತು. ಬೆನ್ನೂ ನಿಲ್ಲುತ್ತಿರಲಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲನ್ನು ಯಾರೋ ತಂದುಕೊಟ್ಟರೆ, ಅದರಲ್ಲಿ ಕೂರಿಸಿದಾಗೆಲ್ಲ ಪಕ್ಕಕ್ಕೆ ವಾಲಿ ಬೀಳುತ್ತಿದ್ದಳು. ಎರಡು ವರ್ಷ ತನ್ನ ತಮ್ಮ, ನನ್ನ ಗೆಳೆಯ ಬಾಲಪ್ಪನ ಮನೆಯ ಹೊರಸಿನ ಮೇಲೆ ಮಲಗಿದಳು. ನೋಡಲು ಬಂದವರು ಮರುಗಿ ಹೋಗುತ್ತಿದ್ದರು, ಹೊಸ್ತಿಲು ದಾಟಿದ ಮೇಲೆ, "ಕುಡಿದಿದ್ದಳಂತಲ್ಲ?" ಎಂದು ಪಿಸುಗುಡುತ್ತಿದ್ದರು. ಗಂಡನನ್ನು ತಿಂದ ಶೇಂದಿಯನ್ನು ತನ್ನ ಹೆಸರಿಗೆ ಅಂಟಿಸಿದ್ದು ಆಕೆಯನ್ನು ಸುಡುತ್ತಿತ್ತು. ಕಾಲು ಹೋದದ್ದಕ್ಕೆ ಆಕೆ ಅತ್ತದ್ದನ್ನು ನಾನು ನೋಡಿಲ್ಲ. ಈ ಮಾತಿಗೆ ಮಾತ್ರ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದಳು.

ಎಂಬತ್ತೆಂಟರ ಬೇಸಿಗೆಯಲ್ಲಿ ಬಾಲಪ್ಪ ಆಡು ಮಾರಲು ಮುದಗಲ್ಲಿಗೆ ಹೋದವನು, ಒಂದು ಮನೆಯ ಹಿತ್ತಲಲ್ಲಿ ವಿಚಿತ್ರ ಗಾಡಿ ನೋಡಿ ಬಂದು ನನಗೆ ಹೇಳಿದ. ನಾನೂ ಹೋಗಿ ನೋಡಿದೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ನಡುವೆ ಆರಾಮ ಕುರ್ಚಿಯಂಥ ಸೀಟು, ಕೂರುವುದಲ್ಲ, ಒರಗಿ ಮಲಗುವುದು. ತಿರುಗಿಸುವ ಹಿಡಿಕೆಗಳು ಸೀಟಿನ ಎರಡೂ ಮಗ್ಗುಲಿಗೆ. ಹಿಂದೆ ತುಕ್ಕು ತಿಂದ ಬ್ಯಾಟರಿ ಪೆಟ್ಟಿಗೆ, ಸುಟ್ಟುಹೋದ ಮೋಟರು. ಕಾಲುವೆ ತೋಡುವ ಕಾಲಕ್ಕೆ ಬಂದಿದ್ದ ಬೆನ್ನುನೋವಿನ ಇಂಜಿನಿಯರ್ ಒಬ್ಬ ಹೊರದೇಶದಿಂದ ತರಿಸಿದ್ದನಂತೆ. ಊರಿಗೆ ಹೋಗುವಾಗ ತನ್ನ ಅಡುಗೆಯ ದಸ್ತಗೀರ್‌ಸಾಬನಿಗೆ ಬಿಟ್ಟುಹೋದನಂತೆ. ಈಗ ಅದರ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು.

ಗ್ಯಾನಮ್ಮನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಒಯ್ದೆವು. ಆಕೆ ಗಾಡಿ ನೋಡಿದಳು. ದಸ್ತಗೀರ್‌ಸಾಬ, "ಸಾಹೇಬರ ನೆನಪದು, ಕೊಡಂಗಿಲ್ಲ" ಎಂದ. ಗ್ಯಾನಮ್ಮ ಬಗ್ಗಲಾರದೆ ತಮ್ಮನ ಕೈಯಿಂದ ತನ್ನ ಬೆಳ್ಳಿಯ ಕಾಲ್ಗಡಗ ಬಿಚ್ಚಿಸಿದಳು.

"ತಗೋ ಬೀಬಿ," ಎಂದು ಸಾಬನ ಹೆಂಡತಿ ಹಾಜಿರಾಬೀ ಕಡೆ ಚಾಚಿದಳು. "ಸತ್ತ ಕಾಲಿಗೆ ಇವು ಯಾಕ? ನಿನ್ನ ಕಾಲಾಗರ ಸಪ್ಪಳ ಮಾಡ್ಲಿ."

ಹಾಜಿರಾಬೀ ಕಡಗ ನೋಡಿದಳು, ಗಂಡನನ್ನು ನೋಡಿದಳು. "ಸಾಹೇಬ್ರು ಹೋಗಿ ಮೂವತ್ತು ವರ್ಷ ಆತು, ಒಂದು ಕಾಗದ ಬಂದೈತೇನು? ಕೊಟ್ಟು ಕಳಸ್ರಿ. ಆದ್ರ ನಮ್ಮ ಕೋಳಿಗೆ ಜಾಗಾ ಮಾಡಿಕೊಟ್ಟ ಹೋಗಬೇಕು ಮತ್ತ." ಬಾಲಪ್ಪ ಎರಡು ದಿನ ಅಲ್ಲೇ ಉಳಿದು ಕೋಳಿಗೂಡು ಕಟ್ಟಿಕೊಟ್ಟ.

ಗಾಡಿ ನನ್ನ ಅಂಗಡಿಯಲ್ಲಿ ಎರಡು ತಿಂಗಳು ಇತ್ತು. ಪೆಡಲು ಕಿತ್ತು ಕಾಲಿಡುವ ಹಲಗೆ ಹಾಕಿದೆ, ಕಾಲು ಜಾರದಂತೆ ಪಟ್ಟಿ ಕಟ್ಟಿದೆ. ಸುಟ್ಟ ಮೋಟರಿನ ಜಾಗಕ್ಕೆ ಹಳೆಯ ಅಂಬಾಸಿಡರ್ ಕಾರಿನ ಡೈನಮೋ ಕೂರಿಸಿದೆ. ಕಾರಿನಲ್ಲಿ ಅದು ತಿರುಗಿದರೆ ಕರೆಂಟು ಬರುತ್ತದೆ; ಅದಕ್ಕೇ ಕರೆಂಟು ಕೊಟ್ಟರೆ ತಾನೇ ತಿರುಗುತ್ತದೆ. ಸೈಕಲ್ ಗಾಲಿ ಎರೆಮಣ್ಣಿನಲ್ಲಿ ಹೂತುಹೋಗುತ್ತವೆಂದು ಮೊಪೆಡ್ಡಿನ ಗಾಲಿ ಹಾಕಿದೆ. ಎರಡು ಟ್ರ್ಯಾಕ್ಟರ್ ಬ್ಯಾಟರಿ. ಒಮ್ಮೆ ತುಂಬಿಸಿದರೆ ಹತ್ತು ಹನ್ನೆರಡು ಮೈಲಿಗೆ ಮೋಸವಿಲ್ಲ. ಲಾರಿಯವರ ಕಣ್ಣಿಗೆ ಬೀಳಲೆಂದು ಹಿಂದೆ ಉದ್ದನೆಯ ಕೋಲಿಗೆ ಕೆಂಪು ಬಟ್ಟೆ.

ಒಂದೇ ಒಂದು ಕೊರತೆ, ಗಾಡಿ ಬಹಳ ತಗ್ಗು. ಮಲಗಿದವಳು ನೆಲದಿಂದ ಒಂದು ಮೊಳವೂ ಮೇಲಿರುವುದಿಲ್ಲ. "ಎಲ್ಲಾರೂ ನನ್ನ ಮ್ಯಾಗಿಂದನ ನೋಡ್ತಾರ. ಎತ್ತರ ಮಾಡಿಕೊಡು" ಎಂದು ಆಕೆಯೇ ಕೇಳಿದ್ದಳು. ನಾನು ಕಬ್ಬಿಣದ ಪೈಪು ತಂದು, ಅಳತೆಗೆ ಕತ್ತರಿಸಿ, ವೆಲ್ಡಿಂಗಿನವನಿಗೂ ಹೇಳಿದ್ದೆ. ಆ ದಿನ ಬೆಳಿಗ್ಗೆ ಆಕೆ ಗಾಡಿಯಲ್ಲಿ ಮಲಗಿ ಯೋಚಿಸುತ್ತಿದ್ದವಳು, "ಯಂಕೋಬ, ಒಬ್ಬ ಗಂಡಸು ನನ್ನ ಕೈಯಾಗ ಎಲಿ ಕೊಡಬೇಕಂದ್ರ ಎಷ್ಟು ಬಗ್ಗಬೇಕು ನೋಡು" ಎಂದಳು.

ನಾನು ನಿಂತು ಬಗ್ಗಿ ನೋಡಿದೆ. ಗಾಲಿ ಅಡ್ಡ ಬಂದಿತು, ಕೈ ಎಟುಕಲಿಲ್ಲ. "ಮೊಣಕಾಲು ಊರಬೇಕಾಗತೈತಕ್ಕ" ಎಂದೆ.

"ಹಂಗಾದ್ರ ಎತ್ತರ ಬ್ಯಾಡ. ಇರ್ಲಿ ಹಿಂಗ."

ಕತ್ತರಿಸಿದ ಪೈಪು ದಂಡವಾಯಿತೆಂದು ನಾನು ಬಾಯಿಗೆ ಬಂದಂತೆ ಬೈದೆ. ಆಕೆ ನಕ್ಕಳು. ಆ ಎರಡು ತಿಂಗಳಲ್ಲಿ ಆಕೆ ನಕ್ಕದ್ದು ಅದೊಂದೇ ಸಲ.

ಮೊದಲ ಸಲ ಮಸ್ಕಿಯ ಸಂತೆಗೆ ಹೋದಾಗ ನಾನೂ ಸೈಕಲ್ ಮೇಲೆ ಜೊತೆಗಿದ್ದೆ. ಮಲಗಿದ ಹೆಂಗಸು ತಾನೇ ಉರುಳಿಕೊಂಡು ಬರುವುದನ್ನು ಕಂಡು ಜನ ದಾರಿ ಬಿಟ್ಟು ನಿಂತರು. ಕುಡುಕನೊಬ್ಬ, "ಹೊರೋರಿಲ್ಲದ ಹೆಣ ಬಂತಲೇ" ಎಂದು ಹೆಣಕ್ಕೆ ಎರಚುವ ಹಾಗೆ ಮಂಡಕ್ಕಿ ಎರಚಿದ. ಸಂತೆಯೇ ಗೊಳ್ಳೆಂದು ನಕ್ಕಿತು. ನಾನು ಸೈಕಲ್ ಬಿಟ್ಟು ಅವನ ಕಡೆ ನುಗ್ಗುವಷ್ಟರಲ್ಲಿ ಗ್ಯಾನಮ್ಮ ಎದೆಯ ಮೇಲೆ ಬಿದ್ದಿದ್ದ ಮಂಡಕ್ಕಿ ಬಳಿದು ಬಾಯಿಗೆ ಹಾಕಿಕೊಂಡು, "ಉಪ್ಪ ಕಡಿಮಿ ಐತಿ" ಎಂದಳು. ಈ ಸುದ್ದಿ ಅಮರಗುಂಡಪ್ಪನಿಗೂ ಮುಟ್ಟಿತು. "ಮಲಕೊಂಡಾಕಿ ಏನ್ ಹರಕೊಂತಾಳ" ಎಂದನಂತೆ.

ಹರಿದದ್ದು ಹೀಗೆ. ಗೊರೇಬಾಳದಲ್ಲಿ ಎರಡು ಮೂರು ಎಕರೆಯ ಸಣ್ಣ ರೈತರು ಬಹಳ. ದೊಡ್ಡವನ ಎಲೆ ಮೊದಲು ಹೋಗುವುದರಿಂದ ಅವರಿಗೆ ಗುಂಪು ಸಿಗುತ್ತಿದ್ದದ್ದು ಕಡೆಗೆ. ಗ್ಯಾನಮ್ಮ ಅವರ ಮನೆ ಮನೆಗೆ ಹೋಗಿ, "ನಿಮ್ಮ ಎಲಿ ನನ್ನ ಕೈಯಾಗ ಕೊಡ್ರಿ, ಗುಂಪು ನಾ ತರ್ತೀನಿ" ಎಂದಳು. ಎಂಬತ್ತೆಂಟರಲ್ಲಿ ಐದು ಗುಂಪು ತಂದು ಮಾತು ಉಳಿಸಿಕೊಂಡಳು. ಮರುವರ್ಷ ಊರಿಗೆ ಊರೇ ಎಲೆ ಕೊಟ್ಟಿತು. ಕಾಲುವೆಗೆ ನೀರು ಬರುವ ತಿಂಗಳ ಮೊದಲೇ ಆಕೆ ಹೊರಟಳು. ಗುರುಗುಂಟಾ, ಮಸ್ಕಿ, ಲಿಂಗಸುಗೂರು ಸುತ್ತಿನ ಹಳ್ಳಿಗಳು. ರಾತ್ರಿ ಯಾವುದೋ ಹಿಟ್ಟಿನ ಗಿರಣಿಯಲ್ಲಿ ಬ್ಯಾಟರಿ ಚಾರ್ಜಿಗೆ ಹಾಕುವುದು, ಬೆಳಗಾದರೆ ಮುಂದಿನ ಊರು. ಇಪ್ಪತ್ತೆರಡು ಗುಂಪು ಹಿಡಿದಳು. ಇಪ್ಪತ್ತೆರಡನೆಯದು ಮಾರೆಮ್ಮನದು, ಅಂದರೆ ಗ್ಯಾನಮ್ಮನದೇ ಹಳೆಯ ಗುಂಪು.

ಮಾರೆಮ್ಮ ಎಲೆ ಹಿಡಿಯುವಾಗ ಅಳುತ್ತಿದ್ದಳಂತೆ. ಗ್ಯಾನಮ್ಮ ಸಮಾಧಾನ ಮಾಡಲಿಲ್ಲ. "ಅಳೂದು ಆಮ್ಯಾಲೆ. ಎಲಿ ಹಿಡಿ" ಎಂದಳಂತೆ.

ನೀರು ಬಂತು. ಅಮರಗುಂಡಪ್ಪ ಎಂದಿನಂತೆ ತನ್ನ ಆಳು ಹೊನ್ನೂರಪ್ಪನನ್ನು ಎಲೆ ಕೊಟ್ಟು ಮೋಟರ್ ಸೈಕಲ್ ಮೇಲೆ ಕಳಿಸಿದ. ಹೋದ ಹೋದ ಊರಲ್ಲಿ ಒಂದೇ ಉತ್ತರ, "ಎಲಿ ಹಿಡದೀವಿ." ಕೂಲಿ ಹೆಚ್ಚು ಕೊಡುತ್ತೇನೆಂದರೂ ಅದೇ ಉತ್ತರ. ದಿನ ಹೋದವು, ಮಡಿಯಲ್ಲಿ ಸಸಿ ಹಚ್ಚುವ ಹದಕ್ಕೆ ಬಂದು ನಿಂತಿತು. ಸಣ್ಣ ರೈತರ ಗದ್ದೆಗಳು ಹಸಿರಾದವು. ಆಗ ಹೊನ್ನೂರಪ್ಪ ಗ್ಯಾನಮ್ಮನ ಹತ್ತಿರವೇ ಬಂದ. ಆಕೆ ಗೊರೇಬಾಳದಲ್ಲೇ ಒಬ್ಬ ರೈತನ ಗುಡಿಸಲಲ್ಲಿದ್ದಳು.

"ನಿಮ್ಮ ಸಾವ್ಕಾರ್ರು ಇಲ್ಲಿಗೆ ಬರ್ಲಿ," ಎಂದಳು ಗ್ಯಾನಮ್ಮ. "ನಾನ ಬರಬೇಕಂದ್ರ ಬ್ಯಾಟರಿ ಇಳದಾವ. ಎಂಟು ದಿನ ಬೇಕು."

ಅವನ ಮನೆಯಿಂದ ಆ ಗುಡಿಸಲಿಗೆ ಕೂಗಳತೆ ದೂರ. ಆದರೆ ಸಾವಕಾರನೆಂಬುವನು ಎಲೆ ಕಳಿಸಬೇಕೇ ಹೊರತು ಕೂಲಿಯವಳ ಹತ್ತಿರ ತಾನೇ ಹೊತ್ತುಕೊಂಡು ಹೋಗುವುದುಂಟೆ? ಅಮರಗುಂಡಪ್ಪ ಎಂಟು ದಿನ ಕಾಯಲು ಒಪ್ಪಿದ.

ಈ ಮಾತು ಲಿಂಗಸುಗೂರಿಗೂ ಬಂತು. "ಏನೋ ಯಂಕೋಬ, ನಿನ್ನ ಬ್ಯಾಟರಿ ಎಂಟು ದಿನಕ್ಕೊಮ್ಮೆ ತುಂಬತಾವಂತ?" ಎಂದು ಟ್ರ್ಯಾಕ್ಟರಿನವರು ಆಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆಸಿಡ್ ಅಳೆಯುವ ಗಾಜಿನ ಕೊಳವೆ ಚೀಲದಲ್ಲಿ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಗ್ಯಾನಮ್ಮ ಕಾಲುವೆ ಏರಿಯ ಮೇಲೆ ಗಾಡಿಯಲ್ಲಿ ಮಲಗಿದ್ದಳು. ಕೆಳಗಿನ ಗದ್ದೆಯಲ್ಲಿ ಮಾರೆಮ್ಮನ ಗುಂಪು ನೆಲ್ಲು ಹಚ್ಚುತ್ತಿತ್ತು. ನಾನು ಬ್ಯಾಟರಿಯ ಮುಚ್ಚಳ ತೆಗೆದು ಕೊಳವೆ ಅದ್ದಿದೆ. ಒಳಗಿನ ತೇಲು ಮೇಲಕ್ಕೆದ್ದು ನಿಂತಿತು. ಎರಡೂ ಬ್ಯಾಟರಿ ಭರ್ತಿ.

"ಯಕ್ಕ, ಇದೇನು?" ಎಂದೆ.

"ಸುಮ್ನಿರೋ ಯಂಕೋಬ. ಇವತ್ತು ಎಂಟನೇ ದಿನ. ಅಲ್ನೋಡು."

ಅಮರಗುಂಡಪ್ಪ ಬರುತ್ತಿದ್ದ. ಇನ್ನು ಒಂದು ದಿನವೂ ತಡೆಯಲಾರದೆ ಕಡೆಗೂ ತಾನೇ ಬಂದಿದ್ದ. ಬಿಳಿ ಧೋತರ, ಕೈಯಲ್ಲಿ ಎಲೆ ಅಡಿಕೆ. ಮುಂದೆ ನಿಂತು ಕೈ ಚಾಚಿದ.

"ಕೈ ಎಟಕವಲ್ದು ಸಾವ್ಕಾರ್ರ" ಎಂದಳು.

ಬಗ್ಗಿದ. ಗಾಲಿ ಅಡ್ಡ ಬಂತು. ಸುತ್ತ ಒಮ್ಮೆ ನೋಡಿದ. ಗದ್ದೆಯಲ್ಲಿ ಮೂವತ್ತು ಹೆಂಗಸರೂ ಸಸಿ ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಿದ್ದರು. ಏರಿಯ ಕೆಸರಿನಲ್ಲಿ ಮೊದಲು ಒಂದು ಮೊಣಕಾಲು ಊರಿದ, ಆಮೇಲೆ ಇನ್ನೊಂದು. ಈಗ ಅವನ ಮುಖ ಆಕೆಯ ಮುಖದ ಸಮಕ್ಕೆ ಬಂತು.

ಆಕೆ ಕೈ ಚಾಚಲಿಲ್ಲ. "ನಾ ಹೆಂಗ ಬಿದ್ದೆ? ಆಕಿಗೂ ಕೇಳಂಗ ಹೇಳ್ರಿ" ಎಂದು ಮಾರೆಮ್ಮನ ಕಡೆ ಕಣ್ಣು ತೋರಿಸಿದಳು.

ಅವನು ಎಲೆ ನೋಡುತ್ತ ಹೇಳಿದ, "ನನ್ನ ಟ್ರಾಲಿ ಮ್ಯಾಲಿಂದ ಬಿದ್ದಿ. ನಾನ ಹೊಡೀತಿದ್ದೆ."

"ಶೇಂದಿ?"

"ಕುಡದಿದ್ದಿಲ್ಲ."

ಗದ್ದೆಯಲ್ಲಿ ಮಾರೆಮ್ಮ, "ಹೌದವ್ವಾ, ಕುಡದಿದ್ದಿಲ್ಲ! ನಾ ನೋಡೀನಿ!" ಎಂದು ಎದೆ ಬಡಿದುಕೊಂಡು ಅಳತೊಡಗಿದಳು. ಮೂರು ವರ್ಷ ತಡವಾಗಿ ಬಂದ ಸಾಕ್ಷಿ. ನನಗೆ ಆಕೆಯ ಮೇಲೆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಗ್ಯಾನಮ್ಮ ಮಾತ್ರ ಎಲೆ ಹಿಡಿದಳು. ಹಿಡಿದ ಮೇಲೆ ಮಾತೆಂದರೆ ಮಾತು. ಮರುದಿನದಿಂದಲೇ ಆರು ಗುಂಪು ಇಳಿಸಿ, ನಲವತ್ತು ಎಕರೆಯನ್ನೂ ಒಂದು ಸಾಲು ಬಿಡದಂತೆ ಹಚ್ಚಿಸಿಕೊಟ್ಟಳು.

ಆ ಸಂಜೆ ನಾನು ಅವನ ಮಡಿಯಿಂದ ಒಂದು ಸಸಿ ಕಿತ್ತು ನೋಡಿದೆ. ದಂಟಿನಲ್ಲಿ ಗಂಟು ಬಂದಿತ್ತು. ಗಂಟು ಬಂದ ಸಸಿ ಹಚ್ಚಿದರೆ ಬುಡದಲ್ಲಿ ಮರಿ ಒಡೆಯುವುದಿಲ್ಲ, ತೆನೆ ತುಂಬುವುದಿಲ್ಲ. ಕೆಸರು ತುಳಿದ ಯಾವ ಹೆಂಗಸಿಗಾದರೂ ಇದು ಗೊತ್ತು, ಏರಿಯ ಮೇಲೆ ನಿಂತು ನೋಡುವ ಸಾವಕಾರನಿಗೆ ಗೊತ್ತಿರಲಿಲ್ಲ.

"ಎಂಟು ದಿನದ ಹಿಂದ ಇವು ಎಳೇವು ಇದ್ವು, ಹೌದಿಲ್ಲೋ?" ಎಂದೆ.

"ಇದ್ವು," ಎಂದಳು. "ಅವತ್ತ ಬಂದಿದ್ರ ಅವತ್ತ ಹಚ್ಚಿಸಿಕೊಡ್ತಿದ್ದೆ. ಅವ ಬರಂಗಿಲ್ಲಂತ ನನಗ ಗೊತ್ತಿತ್ತು."

ಡಿಸೆಂಬರಿನ ಕಣದಲ್ಲಿ ಅವನ ರಾಶಿಯ ಮೂರು ಪಾಲಿನಲ್ಲಿ ಎರಡು ಪಾಲು ಜೊಳ್ಳು. ಗ್ಯಾನಮ್ಮ ಗಾಡಿಯನ್ನು ನೇರ ರಾಶಿಯ ಪಕ್ಕಕ್ಕೇ ಒಯ್ದು, ಒಂದು ತೆನೆ ಎತ್ತಿ ಅಂಗೈಯಲ್ಲಿ ತಿಕ್ಕಿದಳು. ಅಮರಗುಂಡಪ್ಪ ಅಲ್ಲೇ ನಿಂತಿದ್ದ.

"ನೋಡ್ರಿ ಸಾವ್ಕಾರ್ರ," ಎಂದಳು, "ಹೊರಗ ಕಾಳಿನಂಗ ಕಾಣತಾವ, ಒಳಗೇನಿಲ್ಲ. ನನ್ನ ಕಾಲು ಹಿಂಗ ಅದಾವು."

ಉಫ್ ಎಂದು ಊದಿದಳು. ಜೊಳ್ಳು ಹಾರಿ ಅವನ ಧೋತರಕ್ಕೆ ಹತ್ತಿಕೊಂಡಿತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ.