ಅಕ್ಕೋರ ಇಟ್ಟಂಗಿ ಊರುಗಳು

ಹೋದ ತಿಂಗಳು ಕೊಪ್ಪಳದ ಒಂದು ಕಿರಾಣಿ ಅಂಗಡಿಯೊಳಗೆ ಕಾಲಿಟ್ಟೊಡನೆ ಅಂಟವಾಳ ಕಾಯಿಯ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಆಗತಾನೆ ಚೀಲ ಬಿಚ್ಚಿದ್ದ. ಬೇರೆಯವರಿಗೆ ಅದು ತಲೆಸ್ನಾನದ ವಾಸನೆ, ರೇಷ್ಮೆ ಸೀರೆ ತೊಳೆಯುವ ವಾಸನೆ. ನನಗೆ ಮಾತ್ರ ಅದು ಪ್ಲಾಸ್ಟಿಕ್ ಇಟ್ಟಂಗಿಗಳ ವಾಸನೆ. ಸಕ್ಕರೆ ಕೇಳಲು ಹೋದವಳು ಏನು ಬೇಕೆಂಬುದನ್ನೇ ಮರೆತು ನಿಂತುಬಿಟ್ಟೆ…

ಗಂಗಾವತಿಯ ನಮ್ಮ ಮನೆಯ ಮಹಡಿಯ ಮೇಲಿನ ಖೋಲಿಯಲ್ಲಿ ನಿವೃತ್ತ ಅಕ್ಕೋರೊಬ್ಬರು ಬಾಡಿಗೆಗೆ ಇದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎಂದೇ ಹೆಸರು, ಹಾಗಾಗಿ ಓಣಿಯಲ್ಲಿ ಬೇರೆ ಹೆಸರಿನಿಂದ ಅವರನ್ನು ಯಾರೂ ಕರೆದಿದ್ದಿಲ್ಲ. ಮಕ್ಕಳು ಆಡಿ ಬಿಟ್ಟ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಂಗಿಗಳನ್ನು ಅವರು ಕಂಡಕಂಡವರಿಂದ ಕೇಳಿ ತರುತ್ತಿದ್ದರು. ಅಂಟವಾಳದ ನೀರಿನಲ್ಲಿ ತಿಕ್ಕಿ, ಮಾಳಿಗೆಯ ಮೇಲೆ ಹಳೇ ಚಾದರ ಹಾಸಿ ಒಣಗಿಸುತ್ತಿದ್ದರು. ದೂರದಿಂದ ನೋಡಿದರೆ ಬಣ್ಣಬಣ್ಣದ ಸಂಡಿಗೆ ಇಟ್ಟಂತೆ ಕಾಣುತ್ತಿತ್ತು.

ಅವುಗಳಿಂದ ಅವರು ಊರು ಕಟ್ಟುತ್ತಿದ್ದರು. ದೊಡ್ಡದಾಗಿ ಅಲ್ಲ, ಅಂಗೈಯಷ್ಟು. ಮಗುವಿನ ಉಗುರಿನಷ್ಟು ಬಿಳಿ ಚೂರು ಅವರ ಲೆಕ್ಕದಲ್ಲಿ ಒಂದು ಮನೆ. ಕಂದು ಚೂರಿನ ಮೇಲೆ ಹಸಿರು ಗುಂಡಿಯೊಂದನ್ನು ಕೂರಿಸಿದರೆ ಬೇವಿನ ಗಿಡ. ಹುಲಿಹೈದರದ ಸಾಲಿ, ಕುಕನೂರಿನ ಸಂತೆ, ಯಲಬುರ್ಗಿಯಲ್ಲಿ ತಾವಿದ್ದ ಓಣಿ, ಎಲ್ಲವೂ ಊಟದ ತಾಟುಗಳ ಮೇಲೆ ಸಾಲಾಗಿ ಕೂತಿದ್ದವು. ಮನೆಗೆ ಬಂದವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಈ ವಯಸ್ಸಿನ್ಯಾಗ ಜಪ ಮಾಡೂದ್ ಬಿಟ್ಟು ಇದೇನ್ರಿ ಅಕ್ಕೋರ?" ಎಂದು ಕೇಳಿದರೆ ಅವರೂ ನಕ್ಕು, ಕನ್ನಡಕ ಏರಿಸಿ, ಮತ್ತೊಂದು ಚೂರು ಹುಡುಕುತ್ತಿದ್ದರು.

ನನ್ನ ಮಾವನವರಿಗೂ ಅವರಿಗೂ ಅಷ್ಟಕ್ಕಷ್ಟೆ. ಮಾವನವರು ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಆಡು ಕಾಯುತ್ತ ಬೆಳೆದವರು, ಆಮೇಲೆ ಗಂಗಾವತಿಗೆ ಬಂದು ಅಕ್ಕಿ ಮಿಲ್ಲಿನಲ್ಲಿ ದುಡಿದವರು. ಅವರಿಗೆ ಆಗ ಮರೆವು ಶುರುವಾಗಿತ್ತು. ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಆದರೆ ದಾರಿ ಮಾತ್ರ ಮರೆತಿರಲಿಲ್ಲ. ದಿನಾ ಮಧ್ಯಾಹ್ನ ನನ್ನ ಮಗಳ ಕೈ ಹಿಡಿದು, ಮನೆಯ ಹಿಂದಿನ ಗದ್ದೆ ಬದುವಿನ ಮೇಲೆ ನಡೆದು, ಕಾಲುವೆಯ ಸೇತುವೆ ಮುಟ್ಟಿ ತಿರುಗಿ ಬರುತ್ತಿದ್ದರು. ಮಗಳು ಆಗಿನ್ನೂ ಒಂದನೇ ಇಯತ್ತೆ.

ಶ್ರಾವಣದ ದಿನಗಳು. ಕಾಲುವೆ ತುಂಬಿ ಹರಿಯುತ್ತಿತ್ತು. ಆ ಮಧ್ಯಾಹ್ನ ಮಗಳು ಒಬ್ಬಳೇ ಬಂದಳು.

ಫ್ರಾಕು ನಡುವಿನವರೆಗೆ ತೊಯ್ದಿತ್ತು, ಕಾಲಿಗೆಲ್ಲ ರಾಡಿ. "ತಾತ ಎಲ್ಲೆವ್ವಾ?" ಎಂದೆ. ಮಾತಿಲ್ಲ. ಪಡಸಾಲೆಯ ಮೂಲೆ ಹಿಡಿದು ಕೂತು ಮುಖವನ್ನು ಮೊಣಕಾಲಿನ ಸಂದಿಗೆ ತೂರಿಸಿದಳು. ಮಿಲ್ಲಿನಲ್ಲಿದ್ದ ನನ್ನ ಯಜಮಾನರಿಗೆ ಫೋನ್ ಹಚ್ಚಿದೆ. ಅವರು ನಾಲ್ಕು ಮಂದಿ ಕಟ್ಟಿಕೊಂಡು ನೆಟ್ಟಗೆ ಕಾಲುವೆಗೆ ಓಡಿದರು. ದಂಡೆಯ ಮೇಲೆ ಮಾವನವರ ಚಪ್ಪಲಿಗಳು ಸಿಕ್ಕವು. ಒಂದರ ಪಕ್ಕ ಒಂದು, ಗುಡಿಯ ಮುಂದೆ ಬಿಟ್ಟ ಹಾಗೆ.

ಸುದ್ದಿ ಓಣಿಗೆಲ್ಲ ಹಬ್ಬಿತು. ಓಣಿಯ ಗಂಡಸರೆಲ್ಲ ಕಾಲುವೆಯ ಕೆಳಗಿನ ತೂಬಿನ ಕಡೆ ಹೋದರು. ನೀರು ಕಡಿಮೆ ಮಾಡಿಸಲು ಯಾರೋ ಯಾರಿಗೋ ಫೋನ್ ಮಾಡುತ್ತಿದ್ದರು. ಹೆಣ್ಣುಮಕ್ಕಳು ನಮ್ಮ ಮನೆ ತುಂಬಿದರು. ಬಂದವರೆಲ್ಲ ಮಗಳ ಮುಂದೆ ಕೂತು ಕೇಳುವವರೇ. "ತಾತ ನೀರಾಗ ಬಿದ್ನೇನ? ಕಾಲ್ ಜಾರಿತೇನ? ಹೇಳ ನಮ್ಮವ್ವ!" ಪಕ್ಕದ ಮನೆಯಾಕೆ ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಹಲ್ಲು ಕಚ್ಚಿದಳು. ಆ ಹಟ ಹೆದರಿಕೆಯಿಂದಲೋ, ಮತ್ತೇನಕ್ಕೋ, ನನಗೆ ತಿಳಿಯಲಿಲ್ಲ. ನಾನು ಅವಳನ್ನು ಎದೆಗೆ ಅವುಚಿಕೊಂಡು ಕೂತೆ, ಅಷ್ಟೇ.

ಆಗ ಅಕ್ಕೋರು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಂದು ಖಾಲಿ ತಾಟು, ಇಟ್ಟಂಗಿ ತುಂಬಿದ ಒಂದು ಡಬ್ಬಿ. ಮಗಳ ಎದುರು ನೆಲದ ಮೇಲೆ ಕೂತರು. ಅವಳನ್ನು ಏನೂ ಕೇಳಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ತಾಟಿನ ಅಂಚಿಗೆ ಒಂದು ಬಿಳಿ ಚೂರು ಇಟ್ಟು, "ಇದು ನಮ್ಮ ಮನಿ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಹಸಿರು ಪಟ್ಟಿಗಳನ್ನು ಜೋಡಿಸಿದರು, ಅದು ಗದ್ದೆ. ಉದ್ದಕ್ಕೆ ನೀಲಿ ಪಟ್ಟಿ, ಕಾಲುವೆ. ಅದರ ಮೇಲೆ ಅಡ್ಡಲಾಗಿ ಕಂದು ಬಣ್ಣದ್ದೊಂದು, ಸೇತುವೆ. ಆಚೆಗೆ ಬೂದು ಇಟ್ಟಂಗಿಗಳ ಗುಪ್ಪೆ, ಬಂಡೆಗಳ ಗುಡ್ಡ.

"ಅಕ್ಕೋರ, ಇದು ಆಟ ಆಡೂ ಹೊತ್ತೇನ್ರಿ?" ಪಕ್ಕದ ಮನೆಯಾಕೆ ಸಿಡುಕಿದಳು. ನನಗೂ ಹಾಗೇ ಅನಿಸಿತ್ತು. ಅಕ್ಕೋರು ತಲೆ ಎತ್ತಲಿಲ್ಲ. ಒಂದು ಬಿಳಿ ಗುಂಡಿ, ಒಂದು ಕೆಂಪು ಗುಂಡಿ ಆರಿಸಿದರು. ಮಾವನವರದು ಬಿಳಿ ಧೋತರ, ಮಗಳದು ಕೆಂಪು ಫ್ರಾಕು. ಎರಡನ್ನೂ ಬೆರಳ ತುದಿಯಿಂದ ಗದ್ದೆಯ ಬದುವಿನ ಮೇಲೆ ನಡೆಸಿಕೊಂಡು ಹೋದರು. ನನ್ನ ತೋಳಿನ ಸಂದಿಯಿಂದ ಮಗಳ ಒಂದು ಕಣ್ಣು ಹೊರಗೆ ಬಂದಿತ್ತು.

ದಂಡೆಯ ಹತ್ತಿರ ಅಕ್ಕೋರ ಬೆರಳು ನಿಂತಿತು. ಅವರು ಬಿಳಿ ಗುಂಡಿಯನ್ನು ಎತ್ತಿದರು. ಮೆಲ್ಲಗೆ ನೀಲಿ ಪಟ್ಟಿಯ ಮೇಲೆ ಇಟ್ಟರು.

ಮಗಳು ನನ್ನ ಕೈ ಕೊಡವಿ ಮುಂದೆ ಜಿಗಿದಳು. ಅಕ್ಕೋರ ಕೈಗೆ ಫಟ್ಟನೆ ಹೊಡೆದು, ನೀಲಿ ಪಟ್ಟಿಯಿಂದ ಬಿಳಿ ಗುಂಡಿಯನ್ನು ಕಿತ್ತುಕೊಂಡಳು. ಅದು ನಿಜವಾಗಿ ತೊಯ್ದಿದೆಯೇನೋ ಎಂಬಂತೆ ತನ್ನ ಫ್ರಾಕಿಗೆ ಒರೆಸಿದಳು.

ಆಮೇಲೆ ಅದನ್ನು ಸೇತುವೆ ದಾಟಿಸಿದಳು. ಬೂದು ಗುಪ್ಪೆಯ ಹತ್ತಿರ ನಿಂತು, ಅಕ್ಕೋರು ಕಟ್ಟಿದ ಗುಡ್ಡ ಸರಿ ಕಾಣಲಿಲ್ಲವೋ ಏನೋ, ಅದನ್ನೆಲ್ಲ ಕೆಡವಿದಳು. ಎರಡು ದೊಡ್ಡ ಬೂದು ಇಟ್ಟಂಗಿ ಆರಿಸಿ ಎದುರುಬದುರು ನಿಲ್ಲಿಸಿ, ನಡುವೆ ಬಿಳಿ ಗುಂಡಿಯನ್ನು ಅಡ್ಡ ಮಲಗಿಸಿದಳು. ಮೇಲೊಂದು ಚಪ್ಪಟೆ ಇಟ್ಟಂಗಿ ಹೇರಿದಳು. ಪಕ್ಕಕ್ಕೊಂದು ಹಸಿರು ಗಿಡ. ಕೆಂಪು ಗುಂಡಿಯನ್ನು ಅಲ್ಲಿಂದ ಎತ್ತಿ, ಸೇತುವೆ ದಾಟಿಸಿ, ಬದು ಬಿಟ್ಟು ಗದ್ದೆಯ ನೀರಿನೊಳಗೇ ಓಡಿಸಿಕೊಂಡು ಮನೆಗೆ ತಂದಳು. ಫ್ರಾಕು ಎಲ್ಲಿ ತೊಯ್ದಿತ್ತೆಂದು ಆಗ ತಿಳಿಯಿತು. ಇಷ್ಟೆಲ್ಲ ಮಾಡುವಾಗ ತುಟಿ ಬಿಚ್ಚಿರಲಿಲ್ಲ.

"ತಂಗಿ, ಫೋನ್ ಹಚ್ಚು" ಎಂದರು ಅಕ್ಕೋರು.

ಯಜಮಾನರು ನಂಬಲಿಲ್ಲ. "ಅಪ್ಪನ ಚಪ್ಪಲಿ ಇಲ್ಲೇ ಅದಾವ. ಹುಡುಗಿ ಆಟ ಆಡಾಕತ್ತೈತಿ, ನೀವೂ ಅದರ ಜೋಡಿ ಕುಂತೀರಿ" ಎಂದು ಒದರಿದರು. ಹಿಂದೆ ನೀರಿನ ಸದ್ದು, ಗಂಡಸರ ಕೂಗಾಟ. ಅಕ್ಕೋರು ನನ್ನ ಕೈಯಿಂದ ಫೋನ್ ಇಸಿದುಕೊಂಡರು. "ತಮ್ಮಾ, ಹೆಣ ಹುಡುಕಾಕ ನಾಳೆನೂ ಹೊತ್ತೈತಿ. ಜೀವಂತ ಇದ್ದರ ಅವರಿಗೆ ಇವತ್ತಷ್ಟ ಐತಿ. ಗುಡ್ಡಕ್ಕ ಹೋಗು" ಎಂದರು. ಆ ಕಡೆ ಯಜಮಾನರು "ಗುಡ್ಡಕ್ಕ ನಡೀರಿ" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಆಮೇಲಿನದು ಕಾಯುವುದು. ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಕಂಪೌಂಡಿಗೆ ಸರಿಯಿತು. ಆ ಗುಡ್ಡದಲ್ಲಿ ಚಿರತೆ ಓಡಾಡುವುದು ನಮ್ಮೂರಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳು ಆ ಬೂದು ಇಟ್ಟಂಗಿಗಳ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದಳು. ಹಾಲು ಕೊಟ್ಟರೂ ಕೈ ತೆಗೆಯಲಿಲ್ಲ. ಅಕ್ಕೋರು ಅವಳೆದುರು ಹಾಗೇ ಕೂತಿದ್ದರು, ಅವರ ಕನ್ನಡಕದ ಗಾಜಿಗೆ ಮಂಜು ಹಿಡಿದಿತ್ತು.

ಹೊತ್ತು ಮುಳುಗುವ ಮುಂಚೆ ಫೋನ್ ಬಂತು. ಯಜಮಾನರು ಅಳುತ್ತಿದ್ದರು. ನಾನು ಮುಗಿಯಿತು ಎಂದುಕೊಂಡೆ. "ಸಿಕ್ಕಾನ… ಅಪ್ಪ ಸಿಕ್ಕಾನ. ಕಾಲ್ ಮುರದೈತಿ. ಉಸಿರಾಡಾಕತ್ತಾನ."

ಎರಡು ಬಂಡೆಗಳ ಸಂದಿಯಲ್ಲಿ ಜಾರಿ ಬಿದ್ದು, ಮೇಲಿನ ಹಾಸುಗಲ್ಲಿನ ನೆರಳಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಕೂಗಿ ಕೂಗಿ ದನಿ ಹೋಗಿತ್ತು. ಹತ್ತಿರ ಹೋದವರನ್ನು ನೋಡಿ ಅವರು ಕೇಳಿದ ಮೊದಲ ಮಾತು, "ಕರಿ ಆಡು ಸಿಕ್ತೇನ?"

ಆ ರಾತ್ರಿ ಮಾವನವರನ್ನು ದವಾಖಾನೆಗೆ ಸೇರಿಸಿದ ಮೇಲೆ ಮಗಳು ಬಾಯಿ ಬಿಟ್ಟಳು. ಸೇತುವೆ ಹತ್ತಿರ ತಾತ ಇದ್ದಕ್ಕಿದ್ದಂತೆ, ಆಡೊಂದು ತಪ್ಪಿಸಿಕೊಂಡಿದೆ, ಹುಡುಕೋಣ ಎಂದನಂತೆ. ಆಡು ಕಾಯುವ ಹುಡುಗನಿಗೆ ಚಪ್ಪಲಿ ಎಲ್ಲಿಯದು, ದಂಡೆಯ ಮೇಲೆ ಬಿಟ್ಟನಂತೆ. ಬಿದ್ದ ಮೇಲೆ ಅವಳ ಕೈ ಗಟ್ಟಿಯಾಗಿ ಹಿಡಿದು ಅತ್ತನಂತೆ.

"ಯಾರಿಗೂ ಹೇಳಬ್ಯಾಡ, ಆಣಿ ಮಾಡು ಅಂದ. ಆಡು ಕಳದೈತಿ ಅಂತ ಗೊತ್ತಾದ್ರ ಅವರಪ್ಪ ಹೊಡಿತಾನಂತ. ನಾ ಹೇಳಿಲ್ಲ ಅವ್ವಾ. ತೋರಿಸೀನಿ ಅಷ್ಟ."

ಅವಳು ಆಣೆ ಮುರಿದಿರಲಿಲ್ಲ. ಅಷ್ಟು ಜನ ಅಷ್ಟು ಹೊತ್ತು ಬಾಯಿ ಬಿಡಿಸಲು ಹೆಣಗಿದ್ದೆವು. ಬಾಯಿ ಬಿಡದೆಯೂ ದಾರಿ ಇದ್ದದ್ದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಮಹಡಿಗೆ ಹೋದೆ, ಕಾಲಿಗೆ ಬೀಳೋಣ ಎಂದುಕೊಂಡು. ಅಕ್ಕೋರು ಆ ತಾಟನ್ನು ಆಗಲೇ ಬಿಚ್ಚಿ, ಇಟ್ಟಂಗಿಗಳನ್ನು ಡಬ್ಬಿಗೆ ತುಂಬಿಬಿಟ್ಟಿದ್ದರು. ಇಡಬೇಕಿತ್ತಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು.

"ನಿನಗೊಂದ್ ಮಾತ್ ಹೇಳ್ತೀನಿ ತಂಗಿ. ಕೂಸು ಸಿಟ್ಟಿಗೆದ್ದು ತಿದ್ದಲಿ ಅಂತ ನಾ ಬೇಕಂತ ನೀರಾಗ ಇಟ್ಟೆ ಅಂತ ಓಣಿ ಮಂದಿ ಮಾತಾಡಾಕತ್ಯಾರ. ಹಂಗೇನಿಲ್ಲ. ನಾನೂ ನೀರಾಗ ಹೋಗ್ಯಾರ ಅಂತನ ತಿಳಕೊಂಡಿದ್ದೆ. ಅದು ನಿಜ ಆಗಿ, ಕೂಸು ಅದನ್ನ ನೋಡಿ ಹೂಂ ಅಂದಿದ್ರ ನಾ ಏನ್ ಮಾಡ್ತಿದ್ದೆ…" ಎಂದು ತಮ್ಮ ಬೆರಳುಗಳನ್ನು ನೋಡಿಕೊಂಡರು. ಬಹಳ ದಿನ ಅವರು ಯಾವ ಊರನ್ನೂ ಕಟ್ಟಲಿಲ್ಲ. ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡ ಮಾವನವರು, ಒಂದು ದಿನ ಮೆಟ್ಟಿಲ ಕೆಳಗೆ ನಿಂತು, "ಅಕ್ಕೋರ, ನಮ್ಮ ಹಳ್ಳಿ ಕಟ್ಟತೀರೇನ್ರಿ?" ಎಂದು ಕೇಳಿದ ಮೇಲೆಯೇ ಮತ್ತೆ ಡಬ್ಬಿ ತೆರೆದದ್ದು. ತಮ್ಮ ಜೀವ ಉಳಿಸಿದವರು ಇವರು ಎಂಬುದು ಮಾವನವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೂ ಸಂಜೆ ಹೊತ್ತು ಇಬ್ಬರೂ ಕೂತು, ಅಕ್ಕೋರೂ ಒಂದು ಕಾಲಕ್ಕೆ ಸಾಲಿ ಕಲಿಸಿದ್ದ ಆ ಹಳ್ಳಿಯ ಬಾವಿ ಎಲ್ಲಿತ್ತೆಂದು ಜಗಳವಾಡುತ್ತಿದ್ದರು.

ಮಾವನವರು ಮೊದಲು ಹೋದರು. ಹೋದ ವರ್ಷ ಅಕ್ಕೋರು. ನಿದ್ದೆಯಲ್ಲೇ ಹೋದರು, ಯಾರಿಗೂ ತ್ರಾಸು ಕೊಡಲಿಲ್ಲ. ಕುಷ್ಟಗಿಯಿಂದ ಬಂದ ಅವರ ತಮ್ಮನ ಮಕ್ಕಳು ಖೋಲಿ ಖಾಲಿ ಮಾಡುವಾಗ, ಸಾಲಿ ಹುಡುಗರಿಗೆ ಆಡಲು ಕೊಡುತ್ತೇವೆಂದು ಊರುಗಳನ್ನೆಲ್ಲ ಬಿಚ್ಚಿ ಒಂದು ಚೀಲಕ್ಕೆ ಸುರಿದರು. ತಪ್ಪೇನಿಲ್ಲ, ಅಕ್ಕೋರಿಗೂ ಅದೇ ಇಷ್ಟವಾಗುತ್ತಿತ್ತು. ಆದರೂ ಆ ಇಟ್ಟಂಗಿ ಸುರಿಯುವ ಸದ್ದನ್ನು ನಿಂತು ಕೇಳಲು ನನ್ನಿಂದಾಗಲಿಲ್ಲ.

ಮಗಳು ಈಗ ಹೈಸ್ಕೂಲು. ಆ ದಿನದ್ದು ಅವಳಿಗೆ ಅಷ್ಟಾಗಿ ನೆನಪಿಲ್ಲ. ಕೊಪ್ಪಳದಿಂದ ಬಂದ ಸಂಜೆ ಕೂರಿಸಿಕೊಂಡು ಎಲ್ಲ ಹೇಳಿದೆ. "ಅಕ್ಕೋರು ಅಷ್ಟ್ ಊರ ಕಟ್ಟಿದ್ರು, ಗಂಗಾವತಿ ಯಾಕ ಕಟ್ಟಿ ಇಡಲಿಲ್ಲ?" ಎಂದಳು.

ಅದನ್ನು ನಾನೂ ಒಮ್ಮೆ ಅವರನ್ನು ಕೇಳಿದ್ದೆ. "ಬಿಟ್ಟು ಬಂದ ಊರಷ್ಟ ಕಟ್ಟಿ ಇಡತೀನಿ ತಂಗಿ. ಇದನ್ನ ಇನ್ನೂ ಬಿಟ್ಟಿಲ್ಲಲ್ಲ" ಎಂದಿದ್ದರು.

ಮಗಳಿಗೆ ಹಾಗೇ ಹೇಳಿದೆ. ಈಗ ಅವರು ಈ ಊರನ್ನೂ ಬಿಟ್ಟಿದ್ದಾರೆ… ಇದನ್ನು ಕಟ್ಟಬೇಕಾಗಿದ್ದವರೇ ಇಲ್ಲ.